ಪಾಲಾದ ತೊಟ್ಟಿಮನೆ: ಅಡ್ಡಗೋಡೆಯ ಓದು

ಜನಪದ ವಾಸ್ತುವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಬರುವ ತೊಟ್ಟಿಮನೆ ಸಾಮಾನ್ಯವಾಗಿ ಇಡಿಯಾದ ಮನೆ. ಅದಕ್ಕೆ ಒಂದು ತಲೆಬಾಗಿಲು, ಒಂದು ಪಡಸಾಲೆ, ಒಂದು ದೇವರಮನೆ, ಒಂದು ಅಡುಗೆಮನೆ ಇರುತ್ತವೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಗಳ ಸಾಲು, ಹಿಂದೆ ಹಿತ್ತಿಲು. ಈ ಚಿತ್ರ ಸುಳ್ಳಲ್ಲ. ಆದರೆ ಸರಗೂರು, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಸೀಮೆಯ ಊರುಗಳಲ್ಲಿ ಇಂದು ಉಳಿದಿರುವ ಹಳೆಯ ಮನೆಗಳನ್ನು ನೋಡಹೊರಟವರಿಗೆ ಎದುರಾಗುವುದು ಹಲವು ಸಲ ಬೇರೆಯದೇ ಚಿತ್ರ. ಒಂದೇ ಸೂರಿನ ಕೆಳಗೆ ಎರಡು, ಮೂರು, ನಾಲ್ಕು ಸಂಸಾರಗಳು. ಜಗಲಿಯ ಉದ್ದಕ್ಕೆ ಹೊಸದಾಗಿ ಒಡೆದು ಇಟ್ಟ ಬಾಗಿಲುಗಳು. ಪಡಸಾಲೆಯನ್ನು ಸೀಳಿ ಎದ್ದ ಇಟ್ಟಿಗೆಯ ಗೋಡೆ. ತೊಟ್ಟಿಯ ನಡುವೆ ಸೊಂಟದೆತ್ತರದ ಒಂದು ಕಟ್ಟು.

ಇಂಥ ಮನೆಯ ಮುಂದೆ ನಿಂತ ಸಂಶೋಧಕನು ಸಾಮಾನ್ಯವಾಗಿ ಅಡ್ಡಗೋಡೆಯನ್ನು ಮನಸ್ಸಿನಲ್ಲೇ ಕೆಡವಿ, ಮೂಲ ಮನೆಯ ನಕ್ಷೆಯನ್ನು ಬರೆದುಕೊಳ್ಳುತ್ತಾನೆ. ಗೋಡೆಗೆ ಹೆಚ್ಚೆಂದರೆ ಒಂದು ವಾಕ್ಯ ಸಿಗುತ್ತದೆ: ಅವಿಭಕ್ತ ಕುಟುಂಬಗಳು ಒಡೆದುದರಿಂದ ಈ ಮನೆಗಳು ತಮ್ಮ ಮೂಲ ಸ್ವರೂಪವನ್ನು ಕಳೆದುಕೊಳ್ಳುತ್ತಿವೆ. ಈ ವಾಕ್ಯವನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಾಲಾದ ಮನೆಯು ತೊಟ್ಟಿಮನೆಯ ಚರಿತ್ರೆಯ ಹೊರಗಿನದಲ್ಲ. ಅದು ಆ ಚರಿತ್ರೆಯ ಒಂದು ಘಟ್ಟ. ಅಡ್ಡಗೋಡೆಯನ್ನೂ, ಅದನ್ನು ಎಬ್ಬಿಸಿದ ಪಾಲುಪತ್ರವನ್ನೂ ಜೊತೆಯಾಗಿ ಓದದೆ ಈ ವಾಸ್ತು ನಮಗೆ ಅರ್ಥವಾಗುವುದಿಲ್ಲ. ಹಾಗೆ ಓದಬಲ್ಲ ಸಿದ್ಧತೆ ಬೇರೆ ಯಾವ ವಿಭಾಗಕ್ಕಿಂತಲೂ ಕನ್ನಡ ವಿಭಾಗಗಳಿಗೆ ಹೆಚ್ಚಾಗಿದೆ ಎಂಬುದು ನನ್ನ ನಿಲುವು.

1. ಅಂಕಣವೆಂಬ ಅಳತೆ

ಸರಗೂರು ಕಪಿಲಾ ನದಿಯ ದಂಡೆಯ ಊರು. ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿನ ಭಾಗವಾಗಿದ್ದು 2018ರಲ್ಲಿ ತಾನೇ ಪ್ರತ್ಯೇಕ ತಾಲ್ಲೂಕಾಯಿತು; ಆಡಳಿತದ ಭಾಷೆಯಲ್ಲಿ ಇದೂ ಒಂದು ಪಾಲು. ಪಶ್ಚಿಮಕ್ಕೆ ಕಾಡು, ಅದರಾಚೆ ಕೊಡಗು ಮತ್ತು ವಯನಾಡು. ಪೂರ್ವಕ್ಕೆ ನಂಜನಗೂಡಿನ ಬಯಲು. ಈ ಭಾಗದ ಆಡುಮಾತಿನಲ್ಲಿ ಮನೆಗೆ ‘ಹಟ್ಟಿ’ ಎಂಬ ಮಾತೂ ಉಂಟು. ಬೇರೆಡೆ ದನಕರುಗಳ ನೆಲೆಯನ್ನೋ ಚಿಕ್ಕ ವಸತಿಯನ್ನೋ ಸೂಚಿಸುವ ಈ ಪದ ಇಲ್ಲಿ ಮನುಷ್ಯರ ಮನೆಗೂ ಸಲ್ಲುವುದು ಆಕಸ್ಮಿಕವಲ್ಲ. ಬೇಸಾಯಗಾರರ ತೊಟ್ಟಿಮನೆಯಲ್ಲಿ ದನ, ಧಾನ್ಯ, ಜನ ಮೂವರೂ ಒಂದೇ ಸೂರಿನ ಆಶ್ರಯದಲ್ಲಿ ಇರುತ್ತಿದ್ದರು. ಕೊಟ್ಟಿಗೆ ಮನೆಗೆ ಹೊಂದಿಕೊಂಡೇ ಇರುತ್ತಿತ್ತು. ಕಣಜ ಮತ್ತು ಅಟ್ಟ ಒಳಗೇ ಇರುತ್ತಿದ್ದವು.

ಈ ಮನೆಗಳ ರಚನೆಯಲ್ಲಿ ಕಲ್ಲು, ಮಣ್ಣು, ಮರ ಮೂರಕ್ಕೂ ತಮ್ಮ ತಮ್ಮ ಕೆಲಸಗಳಿವೆ. ತಳಪಾಯ ಕಲ್ಲಿನದು. ಜಗಲಿಯ ಅಂಚಿಗೆ, ತೊಟ್ಟಿಯ ಸುತ್ತಿಗೆ, ಮೆಟ್ಟಿಲಿಗೆ ಕಲ್ಲಿನ ಚಪ್ಪಡಿ. ಅನುಕೂಲಸ್ಥರ ಮನೆಗಳಲ್ಲಿ ಮುಂಭಾಗದ ಕಂಬಗಳೂ ಕಲ್ಲಿನವು. ಮರದ ಕಂಬವಾದರೆ ಅದು ಕಲ್ಲಿನ ಪೀಠದ ಮೇಲೆ ನಿಲ್ಲುತ್ತದೆ. ನೆಲದ ತೇವ ಮರಕ್ಕೆ ಏರದಂತೆ, ಗೆದ್ದಲು ಹತ್ತದಂತೆ ಮಾಡಿಕೊಂಡ ಏರ್ಪಾಡು ಅದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹೆಂಚು. ಮೊದಲು ನಾಡಹೆಂಚು ಇದ್ದಲ್ಲಿ ಮುಂದೆ ಮಂಗಳೂರು ಹೆಂಚು ಬಂತು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ; ಅದರ ಬಳುವಳಿ ಘಟ್ಟದ ಮೇಲಣ ಊರುಗಳಿಗೂ ಏರಿ ಬಂತು. ಗೋಡೆ ದಪ್ಪ ಮಣ್ಣಿನದು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ತೊಟ್ಟಿಯ ಸುತ್ತಣ ಭಾಗದಲ್ಲಿ ಸೂರಿನ ಭಾರವನ್ನು ಹೊರುವುದು ಕಂಬ ಮತ್ತು ತೊಲೆ. ಆದ್ದರಿಂದಲೇ ಮನೆಯ ಅಳತೆ ಗೋಡೆಯಿಂದ ಗೋಡೆಗೆ ಅಲ್ಲ; ಕಂಬದಿಂದ ಕಂಬಕ್ಕೆ. ಎರಡು ಕಂಬಗಳ ನಡುವಣ ಜಾಗಕ್ಕೆ ಅಂಕಣವೆಂದು ಹೆಸರು. ಒಬ್ಬನ ಮನೆ ಎಷ್ಟು ದೊಡ್ಡದು ಎಂಬುದಕ್ಕೆ ಹಳೆಯ ಮೈಸೂರಿನ ಉತ್ತರ ಚದರಡಿಯಲ್ಲಿ ಇರುತ್ತಿರಲಿಲ್ಲ. ‘ಎಂಟಂಕಣದ ಮನೆ’, ‘ಹನ್ನೆರಡಂಕಣದ ಮನೆ’ ಎಂದಿರುತ್ತಿತ್ತು. ಇಂದು ಪತ್ರಿಕೆಯಲ್ಲಿ ಬರುವ ಬರಹದ ಪಟ್ಟಿಗೂ, ರಂಗದ ವೇದಿಕೆಗೂ ಬಳಸುವ ‘ಅಂಕಣ’ ಎಂಬ ಮಾತಿನ ಒಂದು ಬದುಕು ಹೀಗೆ ಕಂಬಗಳ ನಡುವೆ ಇದೆ.

ಅಂಕಣದ ಈ ಲೆಕ್ಕಕ್ಕೂ ಪಾಲಿಗೂ ನೇರ ಸಂಬಂಧವಿದೆ. ಅಂಕಣಗಳಿಂದ ಕಟ್ಟಿದ ಮನೆಯನ್ನು ಅಂಕಣಗಳ ಲೆಕ್ಕದಲ್ಲಿ ಬಿಡಿಸಬಹುದು. ಕಂಬ ಇದ್ದಲ್ಲಿಯೇ ಇರುತ್ತದೆ. ಎರಡು ಕಂಬಗಳ ನಡುವಿನ ತೆರಪಿನಲ್ಲಿ ಗೋಡೆ ಏಳುತ್ತದೆ. ಮೇಲಿನ ತೊಲೆಗೆ ಆ ಗೋಡೆಯ ಅರಿವೇ ಇರುವುದಿಲ್ಲ. ಭಾರವನ್ನೆಲ್ಲ ಗೋಡೆಯೇ ಹೊರುವ ಮನೆಯಾದರೆ ಬಾಗಿಲು ಒಡೆಯುವುದೂ ಜಾಗ ಮರುಹಂಚುವುದೂ ಇಷ್ಟು ಸುಲಭವಾಗುತ್ತಿರಲಿಲ್ಲ. ಹೀಗಾಗಿ ತೊಟ್ಟಿಮನೆಯನ್ನು ಅವಿಭಕ್ತ ಕುಟುಂಬದ ಪ್ರತೀಕವೆಂದು ಮಾತ್ರ ಬಣ್ಣಿಸುವುದು ಅರ್ಧಸತ್ಯ. ಕೂಡಿ ಬಾಳುವುದಕ್ಕೆ ಒದಗಿದಂತೆ ಬೇರೆಯಾಗುವುದಕ್ಕೂ ಈ ರಚನೆ ಒದಗಿಬಂದಿದೆ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯನ್ನು ಬಲ್ಲ ಜನ ಕಟ್ಟಿಕೊಂಡ ಮನೆ ಇದು ಎಂಬುದನ್ನು ಮರೆಯಬಾರದು.

2. ಪಾಲಿಗೆ ಒಗ್ಗುವುದು, ಒಗ್ಗದಿರುವುದು

ಮೂವರು ಅಣ್ಣತಮ್ಮಂದಿರು ಹಂಚಿಕೊಂಡ ಹನ್ನೆರಡಂಕಣದ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇದು ಯಾವುದೋ ಒಂದು ನಿರ್ದಿಷ್ಟ ಮನೆಯ ವರದಿಯಲ್ಲ. ಪಾಲಾಗುವ ಬಗೆಯನ್ನು ತಿಳಿಯಲು ಹಾಕಿಕೊಂಡ ನಕ್ಷೆ. ತಲೆಗೆ ನಾಲ್ಕು ಅಂಕಣವೆಂಬುದು ಸರಳ ಗಣಿತ. ಆದರೆ ನಾಲ್ಕು ಅಂಕಣಗಳೆಲ್ಲ ಒಂದೇ ಬೆಲೆಯವಲ್ಲ. ಬೀದಿಯ ಕಡೆಯ ನಾಲ್ಕು ಅಂಕಣಗಳಿಗೆ ತಲೆಬಾಗಿಲೂ ಜಗಲಿಯೂ ಸೇರಿವೆ. ಪಕ್ಕದ ನಾಲ್ಕಕ್ಕೆ ಹೊರಬಾಗಿಲೇ ಇಲ್ಲ. ಕಿಟಕಿಯನ್ನು ಒಡೆದು ಬಾಗಿಲು ಮಾಡಬೇಕು. ಹಿಂದಿನ ನಾಲ್ಕಕ್ಕೆ ಹಳೆಯ ಅಡುಗೆಮನೆಯೂ ಹಿತ್ತಿಲೂ ಬರುತ್ತವೆ, ಬೀದಿಯ ಮುಖ ತಪ್ಪುತ್ತದೆ. ಈ ಏರುಪೇರನ್ನು ಸರಿದೂಗಿಸಲು ಹಿತ್ತಿಲಿನ ಜಾಗ, ಕಣದ ಜಾಗ, ಒಂದಿಷ್ಟು ಹಣ, ಒಂದು ಜೊತೆ ಎತ್ತು ಇವೆಲ್ಲ ತಕ್ಕಡಿಗೆ ಬರುತ್ತವೆ.

ಪಾಲಿಗೆ ಒಗ್ಗದ ಸಂಗತಿಗಳೂ ಇವೆ. ಮನೆಯ ನಿಜವಾದ ಸ್ವರೂಪ ಬಯಲಾಗುವುದು ಅಲ್ಲಿಯೇ. ಮೊದಲನೆಯದು ತೊಟ್ಟಿ. ನಾಲ್ಕೂ ಕಡೆಯ ಸೂರು ಒಳಮುಖವಾಗಿ ಇಳಿದು ಮಳೆಯ ನೀರನ್ನು ತೊಟ್ಟಿಗೆ ಬಿಡುತ್ತದೆ. ತೊಟ್ಟಿಯ ತೂಬಿನಿಂದ ಅದು ಹೊರಗೆ ಹೋಗುತ್ತದೆ. ನೆಲವನ್ನು ಮೂರು ಮಾಡಬಹುದು, ತೂಬು ಒಂದೇ. ಅದು ಯಾರ ಪಾಲಿನ ಕೆಳಗೆ ಹಾದುಹೋಗುತ್ತದೋ ಅವನು ಉಳಿದಿಬ್ಬರ ಮಳೆಗೂ ಹೊಣೆಗಾರ. ಎರಡನೆಯದು ಸೂರು. ಮೂಲೆಗಳಲ್ಲಿ ಎರಡು ಇಳಿಜಾರುಗಳು ಕೂಡುವಲ್ಲಿ ಹೆಂಚು ಸರಿದರೆ ಸೋರುವುದು ಒಬ್ಬನ ಮನೆ, ಸರಿಪಡಿಸಲು ಹತ್ತಬೇಕಾದುದು ಇನ್ನೊಬ್ಬನ ಮಾಡು. ಒಬ್ಬ ತನ್ನ ಭಾಗದ ಹೆಂಚನ್ನು ಇಳಿಸಿ ಕಾಂಕ್ರೀಟಿನ ತಾರಸಿ ಹಾಕಿಸಿದರೆ ನೀರಿನ ಹಾದಿಯೇ ಬದಲಾಗಿ, ಪಕ್ಕದವನ ಮಣ್ಣಿನ ಗೋಡೆ ನೆನೆಯತೊಡಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಒಳಗೆ ಸೇರಿದ ತೇವ ಆರದೆ ಗೋಡೆ ಒಳಗೊಳಗೇ ಸಡಿಲವಾಗುತ್ತದೆ. ಪಾಲಾದ ಮನೆಗಳು ಬಿದ್ದುಹೋಗುವುದಕ್ಕೆ ಅಣ್ಣತಮ್ಮಂದಿರ ಮನಸ್ತಾಪಕ್ಕಿಂತ ಇಂಥ ನೀರಿನ ಲೆಕ್ಕಗಳೇ ಎಷ್ಟೋ ಸಲ ಕಾರಣ.

ಮೂರನೆಯದು ಒಲೆ. ‘ಒಲೆ ಬೇರೆ ಆಯಿತು’ ಎಂಬ ಮಾತು ‘ಮನೆ ಬೇರೆ ಆಯಿತು’ ಎಂಬ ಮಾತಿಗಿಂತ ಮೊದಲು ಬರುತ್ತದೆ. ಗೋಡೆ ಏಳುವುದಕ್ಕೆ ವರ್ಷಗಳ ಮುಂಚೆಯೇ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೊತ್ತಿರಬಹುದು. ವಾಸ್ತುವಿನ ಕಣ್ಣಿಗೆ ಮನೆ ಇನ್ನೂ ಒಂದೇ; ಬದುಕಿನ ಲೆಕ್ಕದಲ್ಲಿ ಎರಡು. ಹೆಂಗಸರಿಂದ ಮನೆ ಒಡೆಯಿತು ಎಂಬ ಹಳೆಯ ದೂರು ಹುಟ್ಟುವುದು ಈ ಜಾಗದಲ್ಲಿ. ಹತ್ತಿಪ್ಪತ್ತು ಜನರಿಗೆ ಒಂದೇ ಒಲೆಯಲ್ಲಿ ಬೇಯಿಸುವ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ದೂರು ಅದು. ಇಡಿಯಾದ ತೊಟ್ಟಿಮನೆಯ ಸೊಬಗನ್ನು ಬಣ್ಣಿಸುವ ನಮ್ಮ ಬರಹಗಳು ಆ ಒಲೆಯ ಮುಂದೆ ಕುಳಿತವಳ ಕಡೆಯಿಂದ ಮನೆಯನ್ನು ನೋಡಿದ್ದು ಕಡಿಮೆ.

3. ನೆರೆಯ ಮೂರು ದಾರಿಗಳು

ಮನೆಯನ್ನು ಒಳಗೇ ಗೋಡೆ ಹಾಕಿ ಹಂಚಿಕೊಳ್ಳುವುದು ಎಲ್ಲೆಡೆ ಇರುವ ರೂಢಿಯಲ್ಲ. ಸರಗೂರಿನ ಸೀಮೆಯಿಂದ ಸ್ವಲ್ಪವೇ ಪಶ್ಚಿಮಕ್ಕೆ ಹೋದರೆ ರೂಢಿ ಬದಲಾಗುತ್ತದೆ. ಕೊಡಗಿನ ಐನ್‌ಮನೆ ಇಡೀ ಒಕ್ಕಕ್ಕೆ ಸೇರಿದ್ದು. ಒಕ್ಕದ ಸದಸ್ಯರು ತಮ್ಮ ತಮ್ಮ ತೋಟಗಳಲ್ಲಿ ಬೇರೆ ಮನೆ ಕಟ್ಟಿಕೊಂಡು, ಕೈಲ್‌ಪೊಳ್ದ್, ಪುತ್ತರಿಯಂಥ ಹಬ್ಬಗಳಿಗೆ, ಹಿರಿಯರ ಪೂಜೆಗೆ ಅಲ್ಲಿ ಸೇರುವುದು ವಾಡಿಕೆ. ಮನೆ ಹೀಗೆ ಇಡಿಯಾಗಿ ಉಳಿಯುತ್ತದೆ. ಆದರೆ ವರ್ಷದ ಬಹುಪಾಲು ದಿನ ಅದರಲ್ಲಿ ವಾಸವೇ ಇಲ್ಲದಿರಬಹುದು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಈ ಮನೆಗಳನ್ನು ಊರೂರು ಸುತ್ತಿ ದಾಖಲಿಸಿ 2014ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಯಲುಸೀಮೆಯ ತೊಟ್ಟಿಮನೆಗಳಿಗೂ ಅಷ್ಟೇ ಶ್ರಮದ ದಾಖಲೆ ಬೇಕಾಗಿದೆ.

ಅತ್ತ ವಯನಾಡು, ಮಲಬಾರಿನ ತರವಾಡುಗಳ ಕಥೆ ಬೇರೆ. ಅಲ್ಲಿ ಅಳಿಯಕಟ್ಟಿನ ಕುಟುಂಬಗಳಿಗೆ ಪಾಲು ಕೇಳುವ ಹಕ್ಕು ದೊರೆತದ್ದು 1933ರಲ್ಲಿ ಜಾರಿಗೆ ಬಂದ ಮದ್ರಾಸ್ ಮರುಮಕ್ಕತ್ತಾಯಂ ಕಾಯ್ದೆಯಿಂದ. ಮುಂದೆ ಕೇರಳದ 1975ರ ಕಾಯ್ದೆ ಹಿಂದೂ ಅವಿಭಕ್ತ ಕುಟುಂಬ ವ್ಯವಸ್ಥೆಯನ್ನೇ ರದ್ದುಗೊಳಿಸಿತು. ಎಷ್ಟೋ ತರವಾಡು ಮನೆಗಳು ಗೋಡೆಯಿಂದ ಸೀಳದೆ, ಬಿಚ್ಚಿ, ಮರಮುಟ್ಟಾಗಿ ಮಾರಾಟವಾದವು. ಕರಾವಳಿಯ ತುಳುನಾಡಿನಲ್ಲಿ ಅಳಿಯಸಂತಾನದ ಕುಟುಂಬಗಳಿಗೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿನ ದಾರಿ ತೆರೆಯಿತು. ಅಲ್ಲಿ ಗುತ್ತಿನ ಮನೆಗೆ ದೈವದ ನಂಟು ಇರುವುದರಿಂದ ಭೂಮಿ ಹಂಚಿಹೋದರೂ ಮನೆ ಮತ್ತು ಚಾವಡಿ ಕೂಡುನೆಲೆಯಾಗಿ ಉಳಿದ ನಿದರ್ಶನಗಳಿವೆ.

ಮೈಸೂರು ಸೀಮೆಯ ದಾರಿ ಇವುಗಳಿಂದ ಭಿನ್ನವಾದದ್ದಕ್ಕೆ ಕಾರಣ ಮಿತಾಕ್ಷರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದಿತು. ಕನ್ನಡ ನೆಲದಲ್ಲಿ ಸಂಸ್ಕೃತದಲ್ಲಿ ಬರೆದ ಈ ಗ್ರಂಥ ಬಂಗಾಳ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಪಾಲನ್ನು ನಿರ್ಣಯಿಸಿತು. ಹುಟ್ಟಿನಿಂದಲೇ ಹಕ್ಕಿದ್ದಲ್ಲಿ ಪಾಲನ್ನು ಕೇಳುವ ಹಕ್ಕೂ ಇರುತ್ತದೆ. ಅಂದರೆ ಇಲ್ಲಿಯ ತೊಟ್ಟಿಮನೆಯಲ್ಲಿ ಅಡ್ಡಗೋಡೆ ಎಂದೂ ಕೇವಲ ಕಾಲದ ಕೇಡಾಗಿರಲಿಲ್ಲ. ಮನೆ ಕಟ್ಟಿದ ದಿನದಿಂದಲೇ ಅದು ಒಂದು ಸಾಧ್ಯತೆಯಾಗಿ ಒಳಗಿತ್ತು. ಆ ಹಕ್ಕು ಗಂಡುಮಕ್ಕಳದು ಮಾತ್ರವಾಗಿತ್ತು ಎಂಬ ಸಂಗತಿಗೆ ಮುಂದೆ ಬರುತ್ತೇನೆ.

4. ಪಾಲುಪತ್ರವೆಂಬ ಕನ್ನಡ ಪಠ್ಯ

ಗೋಡೆ ಏಳುವ ಮೊದಲು ಅದು ಕಾಗದದಲ್ಲಿ ಬರೆಯಲ್ಪಟ್ಟಿರುತ್ತದೆ. ಊರ ಹಿರಿಯರ ಮುಂದೆ ಮಾಡಿಕೊಂಡ ಪಾಲುಪಟ್ಟಿ, ನೋಂದಣಿಯಾದ ವಿಭಾಗಪತ್ರ ಅಥವಾ ಪಾಲು ಪಾರೀಖತ್ತು, ಹಕ್ಕು ಬಿಟ್ಟುಕೊಟ್ಟವರ ಬಿಡುಗಡೆ ಪತ್ರ ಇವು ಈ ಪರಂಪರೆಯ ಮುಖ್ಯ ಪ್ರಕಾರಗಳು. ಕನ್ನಡ ಗದ್ಯದ ಚರಿತ್ರೆಯನ್ನು ಬೋಧಿಸುವ ನಾವು ಈ ಗದ್ಯವನ್ನು ಸಾಮಾನ್ಯವಾಗಿ ವಕೀಲರಿಗೂ ಪತ್ರಬರಹಗಾರರಿಗೂ ಬಿಟ್ಟಿದ್ದೇವೆ. ಆದರೆ ಮನೆಯ ಒಂದೊಂದು ಭಾಗವನ್ನೂ ಹೆಸರಿಟ್ಟು ಕರೆದು, ಅದರ ಎಲ್ಲೆಯನ್ನು ಮಾತಿನಲ್ಲಿ ಕಟ್ಟಿಕೊಡುವ ಬೇರೆ ಗದ್ಯಪ್ರಕಾರ ನಮ್ಮಲ್ಲಿ ಅಪರೂಪ. ಚೆಕ್ಕುಬಂದಿಯ ಕ್ರಮವನ್ನೇ ನೋಡಬಹುದು: ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾರ ಹಿತ್ತಿಲು, ದಕ್ಷಿಣಕ್ಕೆ ಯಾವ ಬೀದಿ. ಅದರ ಮುಂದೆ ತೊಟ್ಟಿ, ಬಾವಿ, ಓಡಾಟದ ದಾರಿ, ತೂಬಿನ ನೀರು ಇವುಗಳ ಕೂಡುಬಳಕೆಯ ಕರಾರು. ಪಡಸಾಲೆ, ನಡುಮನೆ, ಕೈಸಾಲೆ, ಅಟ್ಟ ಎಂಬ ಮಾತುಗಳು ನಿಘಂಟಿನಲ್ಲಿ ಅರ್ಥವಾಗಿ ಉಳಿದಿದ್ದರೆ, ಇಲ್ಲಿ ಅಳತೆಯೊಂದಿಗೆ, ದಿಕ್ಕಿನೊಂದಿಗೆ, ಒಡೆತನದೊಂದಿಗೆ ಉಳಿದಿವೆ.

ಶಾಸನಗಳನ್ನು ಓದಿದವರಿಗೆ ಈ ಗದ್ಯ ಅಪರಿಚಿತವಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ದಾನಶಾಸನಗಳಲ್ಲಿ ಕಂಡಿದ್ದೇವೆ. ಅದೇ ಸೂತ್ರ ಸವೆದ ರೂಪದಲ್ಲಿ ಇಂದಿನ ಕ್ರಯಪತ್ರಗಳಲ್ಲೂ ಮುಂದುವರಿದಿದೆ. ದತ್ತಿ ಬಿಟ್ಟ ಭೂಮಿಯ ಎಲ್ಲೆಗಳನ್ನು ಕಲ್ಲು, ಹಳ್ಳ, ಮರಗಳ ಗುರುತಿನಿಂದ ಹೇಳುವ ಶಾಸನದ ಕ್ರಮಕ್ಕೂ ಚೆಕ್ಕುಬಂದಿಗೂ ನೇರ ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಮೂರನೆಯ ಸಂಪುಟವನ್ನು 1974ರಲ್ಲಿ ಪ್ರಕಟಿಸಿದಾಗ ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆಯ ಶಾಸನಗಳು ಒಂದೆಡೆ ದೊರೆತವು. ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟಿನ ಹಿನ್ನೀರು ಊರುಗಳನ್ನು ನುಂಗಿದ್ದೂ ಆ ಕಾಲದಲ್ಲಿಯೇ. ಪುನ್ನಾಟದ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರು ಈ ಹಿನ್ನೀರಿನ ಸೀಮೆಯದೇ. ಕಲ್ಲಿನ ಮೇಲಿನ ಬರಹವನ್ನು ಕಾಪಾಡಿದ ಎಚ್ಚರ, ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿಯುತ್ತಿರುವ ಕಾಗದದ ಬರಹಕ್ಕೂ ಬೇಡವೇ ಎಂಬುದು ನನ್ನ ಪ್ರಶ್ನೆ.

ಪದಗಳ ಮಟ್ಟದಲ್ಲಿಯೂ ಕೆಲಸವಿದೆ. ‘ಮನೆ ಒಡೆಯಿತು’, ‘ಬೇರೆ ಆದರು’, ‘ಪಾಲಾಯಿತು’, ‘ಹಿಸ್ಸೆ ಆಯಿತು’ ಎಂಬ ನಾಲ್ಕು ಮಾತುಗಳು ಒಂದೇ ಘಟನೆಯನ್ನು ಹೇಳಿದರೂ ಒಂದೇ ಮಾತಲ್ಲ. ಮೊದಲನೆಯದು ಊರು ಆಡುವ ಮಾತು, ಅದರಲ್ಲಿ ನೋವಿದೆ, ತೀರ್ಪೂ ಇದೆ. ಎರಡನೆಯದು ಮನೆಯವರು ತಮ್ಮ ಬಗ್ಗೆ ಆಡುವ ಮಾತು, ಅದರಲ್ಲಿ ಸಂಕೋಚವಿದೆ. ಮೂರನೆಯದು ಹಿರಿಯರ ಪಂಚಾಯಿತಿಯದು. ನಾಲ್ಕನೆಯದು ಕಚೇರಿಯದು, ಅರಬ್ಬೀ-ಪಾರಸೀ ಮೂಲದ ಆಡಳಿತದ ಮಾತು. ನಾವು ಪ್ರಬಂಧಗಳಲ್ಲಿ ‘ವಿಘಟನೆ’ ಎಂದು ಬರೆದುಬಿಟ್ಟಾಗ ಈ ನಾಲ್ಕೂ ದನಿಗಳು ಅಳಿಸಿಹೋಗುತ್ತವೆ.

5. ಗೋಡೆಯ ಕಾಲ, ಹೆಣ್ಣಿನ ಪಾಲು

ಅಡ್ಡಗೋಡೆ ಎಂದು ಎದ್ದಿತು ಎಂಬ ಪ್ರಶ್ನೆ ಕೇವಲ ವಾಸ್ತುಚರಿತ್ರೆಯ ಕುತೂಹಲವಲ್ಲ. ಹೆಣ್ಣುಮಕ್ಕಳ ಹಕ್ಕಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಇದರ ತೂಕ ತಿಳಿಯುತ್ತದೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ತಂದು, ಪಾಲಿನ ಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಗಂಡಸರ ಪಾಲಿಗಿಂತ ಕಡಿಮೆಯಾದರೂ ಒಂದು ಪಾಲನ್ನು ಗುರುತಿಸಿತು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ಮೊದಲ ವರ್ಗದ ವಾರಸುದಾರಳನ್ನಾಗಿ ಮಾಡಿತು. ಆದರೆ ಅದರ 23ನೆಯ ಕಲಮು ವಾಸದ ಮನೆಯ ಬಾಗಿಲಿನಲ್ಲಿ ಅವಳನ್ನು ತಡೆಯಿತು. ಉಯಿಲಿಲ್ಲದೆ ತೀರಿಕೊಂಡವನ ಕುಟುಂಬವೇ ಪೂರ್ತಿಯಾಗಿ ವಾಸವಿರುವ ಮನೆಯಾದರೆ, ಗಂಡು ವಾರಸುದಾರರು ತಮ್ಮ ತಮ್ಮಲ್ಲಿ ಪಾಲು ಮಾಡಿಕೊಳ್ಳಲು ಮುಂದಾಗುವವರೆಗೆ ಹೆಣ್ಣು ವಾರಸುದಾರಳು ಪಾಲು ಕೇಳುವಂತಿರಲಿಲ್ಲ. ಮಗಳಿಗೆ ಅಲ್ಲಿ ವಾಸದ ಹಕ್ಕು ದೊರೆಯುತ್ತಿದ್ದುದು ಅವಳು ಅವಿವಾಹಿತೆಯೋ, ವಿಧವೆಯೋ, ಗಂಡನಿಂದ ತ್ಯಜಿಸಲ್ಪಟ್ಟವಳೋ ಅಗಲಿದವಳೋ ಆಗಿದ್ದಾಗ ಮಾತ್ರ.

ಈ ಕಲಮನ್ನು ವಾಸ್ತುವಿನ ಭಾಷೆಗೆ ತಂದರೆ ಅದರ ಅರ್ಥ ಸ್ಪಷ್ಟವಾಗುತ್ತದೆ: ಅಣ್ಣತಮ್ಮಂದಿರು ಅಡ್ಡಗೋಡೆ ಹಾಕಲು ಮುಂದಾಗುವವರೆಗೆ ಆ ಮನೆಯಲ್ಲಿ ಅಕ್ಕತಂಗಿಯರ ಪಾಲು ಕಾಣಿಸಿಕೊಳ್ಳುವಂತಿರಲಿಲ್ಲ. ನಾವು ಸಾಮರಸ್ಯದ ಗುರುತೆಂದು ಮೆಚ್ಚುವ ಇಡಿತನವೇ ಮಗಳ ಹಕ್ಕನ್ನು ತಡೆದು ನಿಲ್ಲಿಸಿದ ಸಂದರ್ಭವಿದು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನೂ, ಅದಾಗಲೇ ಆಗಿದ್ದ ಪಾಲುಗಳನ್ನೂ ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಮದುವೆಯ ಭೇದವಿಲ್ಲದೆ ಮಗಳನ್ನು ಮಗನ ಸಮಕ್ಕೆ ತಂದಿತು. 23ನೆಯ ಕಲಮನ್ನು ತೆಗೆದುಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಪಾಲುಗಳನ್ನು ಮಾತ್ರ ಅದು ಮುಟ್ಟಲಿಲ್ಲ. ಪಾಲು ಎಂದರೆ ನೋಂದಣಿಯಾದ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದದ್ದು ಎಂದೂ ಹೇಳಿತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಮಗಳ ಹಕ್ಕು ಹುಟ್ಟಿನಿಂದ ಬಂದದ್ದೆಂದು ಸ್ಥಿರಪಡಿಸಿತು; ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದೆಂದಿತು.

ಈಗ ಮತ್ತೆ ಗೋಡೆಯ ಮುಂದೆ ನಿಲ್ಲೋಣ. ಹಿರಿಯರ ಮುಂದೆ ಮಾತಾಡಿ, ಕಾಗದ ಮಾಡದೆ, ಕಂಬಗಳ ನಡುವೆ ಎಬ್ಬಿಸಿದ ಗೋಡೆಗಳು ಎಷ್ಟೋ ಇವೆ. ಊರಿನ ಕಣ್ಣಿಗೆ ಆ ಗೋಡೆಯೇ ಸಾಕ್ಷಿ, ಅದೇ ಪತ್ರ. ಕಾನೂನಿನ ಕಣ್ಣಿಗೆ ಗೋಡೆಯೊಂದೇ ಸಾಲದು. ‘ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ’ ಎಂಬ ನುಡಿಗಟ್ಟನ್ನು ನಾವು ಎರಡೂ ಕಡೆಗೆ ಸಲ್ಲುವ ಅಸ್ಪಷ್ಟ ಮಾತಿಗೆ ಬಳಸುತ್ತೇವೆ. ಪತ್ರವಿಲ್ಲದ ಗೋಡೆಯ ಸ್ಥಿತಿ ನಿಜಕ್ಕೂ ಅದೇ: ಅಣ್ಣನ ಕಡೆಯಿಂದ ನೋಡಿದರೆ ಪಾಲು ಎಂದೋ ಮುಗಿದಿದೆ, ತಂಗಿಯ ಕಡೆಯಿಂದ ನೋಡಿದರೆ ಇನ್ನೂ ಆಗಿಯೇ ಇಲ್ಲ. ನೋಂದಣಿಯಾದ ಪತ್ರಗಳಲ್ಲೂ ಅರಿಸಿನ ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಹಣ ಪಡೆದು ಹಕ್ಕು ಬಿಟ್ಟುಕೊಟ್ಟ ಹೆಣ್ಣುಮಕ್ಕಳ ಹೆಬ್ಬೆಟ್ಟುಗಳನ್ನೂ ಸಹಿಗಳನ್ನೂ ಕಾಣುತ್ತೇವೆ. ಜನಪದ ತ್ರಿಪದಿಗಳಲ್ಲಿ ತವರನ್ನು ಹರಸುವ ಹೆಣ್ಣಿನ ದನಿಯನ್ನು ನಾವು ತರಗತಿಯಲ್ಲಿ ಭಾವುಕವಾಗಿ ಪಾಠ ಮಾಡುತ್ತೇವೆ. ಅದೇ ದನಿ ಬಿಡುಗಡೆ ಪತ್ರದಲ್ಲಿ ‘ಸ್ವ ಇಚ್ಛೆಯಿಂದ’ ಎಂಬ ಮಾತಾಗಿ ನಿಂತಾಗ ಅದನ್ನು ಓದುವ ಬಗೆ ನಮಗೆ ತಿಳಿದಿರಬೇಕಲ್ಲವೇ? ತವರೆಂದರೆ ಒಂದು ಹೊಸ್ತಿಲು ಎಂಬ ಕಲ್ಪನೆಗೂ, ಮೂರು ಬಾಗಿಲಾಗಿ ಒಡೆದ ತವರಿನಲ್ಲಿ ಯಾವ ಹೊಸ್ತಿಲು ದಾಟಬೇಕೆಂದು ತಿಳಿಯದ ಮಗಳ ಅನುಭವಕ್ಕೂ ನಡುವಿನ ದೂರವನ್ನು ಅಳೆಯುವುದು ಸಾಹಿತ್ಯದ ವಿದ್ಯಾರ್ಥಿಗಳ ಕೆಲಸವೇ ಆಗಿದೆ.

6. ಒಂದು ಆಕ್ಷೇಪ

ಅಡ್ಡಗೋಡೆಗೆ ಇಷ್ಟು ಮಹತ್ವ ಕೊಡುವುದು ಒಡಕನ್ನೇ ಸಂಭ್ರಮಿಸಿದಂತಲ್ಲವೇ ಎಂದು ಕೇಳಬಹುದು. ಕಳೆದುಹೋಗುತ್ತಿರುವುದನ್ನು ಕಾಪಾಡುವ ಕಾಳಜಿಯಿಂದ ಬಂದ ಈ ಆಕ್ಷೇಪವನ್ನು ಗೌರವಿಸಬೇಕು. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಬಳಿಯ ಜಾನಪದ ಲೋಕ, ಮಣಿಪಾಲದ ಹಸ್ತಶಿಲ್ಪ ಗ್ರಾಮ, ವಸ್ತುಸಂಗ್ರಹಾಲಯವಾಗಿರುವ ಕುಪ್ಪಳಿಯ ಕುವೆಂಪು ಅವರ ಮನೆ ಇವೆಲ್ಲ ಇಲ್ಲದಿದ್ದರೆ ನಮ್ಮ ಮುಂದಿನ ತಲೆಮಾರು ಹಳೆಯ ಬಾಗಿಲುವಾಡವನ್ನೂ ಕಣಜವನ್ನೂ ಕಾಣುವುದು ಕಷ್ಟವಿತ್ತು. ಆದರೆ ಸಂಗ್ರಹಾಲಯದ ಮನೆಯಲ್ಲಿ ಯಾರೂ ಪಾಲು ಕೇಳುವುದಿಲ್ಲ. ಜನ ಇನ್ನೂ ಬಾಳುತ್ತಿರುವ ಮನೆಯನ್ನು ಸಂಗ್ರಹಾಲಯದ ಅಳತೆಗೋಲಿನಿಂದ ಅಳೆದು ‘ಕೆಟ್ಟಿದೆ’ ಎನ್ನುವುದು ಆ ಮನೆಯವರಿಗೆ ಮಾಡುವ ಅನ್ಯಾಯ. ಗೋಡೆ ಹಾಕಿಕೊಂಡದ್ದರಿಂದಲೇ, ಮೂವರಿಗೂ ಅಲ್ಲಿ ನೆಲೆಯಿದ್ದುದರಿಂದಲೇ ಮಾರಿಹೋಗದೆ, ನೆಲಸಮವಾಗದೆ ಉಳಿದ ಮನೆಗಳೂ ಉಂಟು.

ಇಡಿಯಾದ ಮನೆ ಎಲ್ಲರಿಗೂ ತೆರೆದಿತ್ತೆಂಬ ಭ್ರಮೆಯೂ ಬೇಡ. ಆ ಮನೆಯ ಹೊಲದಲ್ಲಿ ದುಡಿದವರಲ್ಲಿ ಬಹುಮಂದಿಗೆ ಜಗಲಿಯೇ ಕೊನೆಯ ಎಲ್ಲೆ, ಕೆಲವರಿಗೆ ಅಂಗಳವೇ. ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದು ಬಾಗಿಲುಗಳು ಮೂರಾದಾಗಲೂ ಆ ಹಳೆಯ ಎಲ್ಲೆ ತಾನಾಗಿ ಅಳಿಸಲಿಲ್ಲ. ನಮ್ಮ ಕಾದಂಬರಿಗಳು ಇದನ್ನು ಸಂಶೋಧನೆಗಿಂತ ಮೊದಲೇ ಕಂಡಿವೆ. ‘ಕಾನೂರು ಹೆಗ್ಗಡಿತಿ’ (1936)ಯಲ್ಲಿ ಮನೆ ಪಾಲಾಗಿ ಹೂವಯ್ಯ ಕೆಳಕಾನೂರಿಗೆ ಹೋಗುವುದು ಯಜಮಾನಿಕೆಯ ಪತನದ ಕಥೆಯೂ ಹೌದು, ಹೊಸ ಬಾಳಿನ ಆರಂಭವೂ ಹೌದು. ನಂಜನಗೂಡಿನ ಸೀಮೆಯ ಕನ್ನಡದಲ್ಲಿ ಬಂದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984)ಯಲ್ಲಿ ಮನೆಮನೆಯ ಜೋತಮ್ಮಗಳು ರಾತ್ರಿ ಕೂಡಿ ತಮ್ಮ ತಮ್ಮ ಮನೆಗಳ ಸುದ್ದಿ ಆಡುತ್ತವೆ. ಗೋಡೆಗಳು ಬಚ್ಚಿಟ್ಟದ್ದನ್ನು ದೀಪಗಳು ಬಲ್ಲವು. ಸೃಜನಶೀಲ ಬರಹ ಮುಟ್ಟಿದ ಈ ಸಂಕೀರ್ಣತೆಯನ್ನು ನಮ್ಮ ಕ್ಷೇತ್ರಕಾರ್ಯದ ವರದಿಗಳೂ ಮುಟ್ಟಬೇಕು.

7. ಮಾಡಬೇಕಾದುದು

ಕಾಲ ಹೆಚ್ಚಿಲ್ಲ. ಗ್ರಾಮಠಾಣದ ಆಸ್ತಿಗಳಿಗೆ ಹಕ್ಕುಪತ್ರ ಕೊಡಲು 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಊರುಗಳನ್ನು ಡ್ರೋನಿನಿಂದ ಅಳೆಯಲಾಗುತ್ತಿದೆ. ಮೇಲಿನಿಂದ ನೋಡುವ ಆ ಕಣ್ಣಿಗೆ ಕಾಣುವುದು ಸೂರು. ಒಂದೇ ಸೂರಿನ ಕೆಳಗಿನ ಅಂಕಣಗಳ ಹಂಚಿಕೆ, ತೊಟ್ಟಿಯ ಕೂಡುಬಳಕೆ, ತೂಬಿನ ಕರಾರು ಇವು ಕೆಳಗಿಳಿದು, ಒಳಗೆ ಹೋಗಿ, ಕೇಳಿ ತಿಳಿಯಬೇಕಾದವು. ಅದನ್ನು ಮಾಡಲು ಕನ್ನಡ ವಿಭಾಗಗಳು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು.

ಮೊದಲನೆಯದಾಗಿ, ಜಾನಪದ ಕ್ಷೇತ್ರಕಾರ್ಯಕ್ಕೆ ಹೋಗುವ ಎಂ.ಎ. ವಿದ್ಯಾರ್ಥಿಗಳು ಹಳೆಯ ಮನೆಯ ನಕ್ಷೆಯನ್ನು ಬರೆದುಕೊಳ್ಳುವಾಗ ಎರಡು ನಕ್ಷೆಗಳನ್ನು ಬರೆಯಲಿ: ಕಟ್ಟಿದಾಗಿನದು, ಈಗಿನದು. ಯಾವ ಗೋಡೆ ಯಾವ ವರ್ಷ ಎದ್ದಿತು, ಯಾವ ಕಿಟಕಿ ಯಾವಾಗ ಬಾಗಿಲಾಯಿತು ಎಂಬುದು ಅದರಲ್ಲಿ ಬರಲಿ. ಎರಡನೆಯದಾಗಿ, ಮನೆಯವರ ಒಪ್ಪಿಗೆಯಿಂದ, ಹೆಸರುಗಳನ್ನು ಮರೆಮಾಡಿ, ಪಾಲುಪಟ್ಟಿ ಮತ್ತು ವಿಭಾಗಪತ್ರಗಳ ಪ್ರತಿಗಳನ್ನು ಸಂಗ್ರಹಿಸಿ, ಹಸ್ತಪ್ರತಿಗಳಿಗೆ ಕೊಡುವ ಶಿಸ್ತಿನಿಂದಲೇ ಸಂಪಾದಿಸಬೇಕು. ಮನೆಯ ಭಾಗಗಳ ಪ್ರಾದೇಶಿಕ ಪದಕೋಶಕ್ಕೆ ಇದಕ್ಕಿಂತ ಒಳ್ಳೆಯ ಆಕರ ಸಿಗಲಾರದು. ಮೂರನೆಯದಾಗಿ, ಹೇಳಿಕೆಗಳನ್ನು ಮನೆಯ ಯಜಮಾನನಿಂದ ಮಾತ್ರ ಪಡೆಯುವ ರೂಢಿಯನ್ನು ಬಿಡಬೇಕು. ಅದೇ ಮನೆಗೆ ಸೊಸೆಯಾಗಿ ಬಂದವಳು, ಅಲ್ಲಿಂದ ಮದುವೆಯಾಗಿ ಹೋದವಳು, ಜಗಲಿಯಿಂದ ಒಳಗೆ ಬಾರದೆ ದುಡಿದವರು ಈ ಮೂವರ ಮಾತಿಲ್ಲದೆ ಮನೆಯ ವರದಿ ಪೂರ್ತಿಯಾಗದು.

ಗೋಡೆಗಳನ್ನು ಮನಸ್ಸಿನಲ್ಲಿ ಕೆಡವಿ ನೋಡುವುದನ್ನು ನಿಲ್ಲಿಸಿದ ದಿನ ನಮ್ಮ ಕಣ್ಣಿಗೆ ಬೀಳುವ ತೊಟ್ಟಿಮನೆಗಳ ಸಂಖ್ಯೆ ಹೆಚ್ಚುತ್ತದೆ. ಅವು ಈಗಾಗಲೇ ನಮ್ಮ ಊರುಗಳಲ್ಲಿವೆ; ಜಗಲಿಯಲ್ಲಿ ಮೂರು ಬಾಗಿಲುಗಳಿರುವುದರಿಂದ ನಾವು ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.